ಟ್ಯೂಬು ಆರಿಸಿದವಳು

ಊರಿನ ಬಾಯಲ್ಲಿ ಗನ್ನಕ್ಕ. ವಯಸ್ಸು ಅರವತ್ತೊಂದು. ಚೌಕಟ್ಟು ಕೂರಿಸುವ ಬಡಗಿಯ ಹೆಂಡತಿ, ಒಬ್ಬಳೇ ಮಗಳ ತಾಯಿ, ಗುತ್ತಿಗೆ ಹಿಡಿಯುವ ಮೇಸ್ತ್ರಿಗೆ ಅತ್ತಿಗೆ, ನನಗೆ ಒಡಹುಟ್ಟಿದ ಅಕ್ಕ. ಕಿಟಕಿ ಬಾಗಿಲುಗಳ ಚೌಕಟ್ಟಿಗೂ ಇಟ್ಟಿಗೆಯ ಗೋಡೆಗೂ ನಡುವೆ ಉಳಿಯುವ ಸಂದಿಯನ್ನು ಹೊರಗಿನಿಂದ ತುಂಬಿ, ಮಳೆ ಒಳಗೆ ನುಗ್ಗದಂತೆ ಸೀಲು ಮಾಡುವುದು ಅವಳ ಕಸುಬು. ಸೀಲಿನ ಟ್ಯೂಬನ್ನು ಕಬ್ಬಿಣದ ಗನ್ನಿನಲ್ಲಿ ಕೂರಿಸಿ, ಹಿಡಿಯನ್ನು ಅಮುಕುತ್ತ ಸಂದಿಯ ಉದ್ದಕ್ಕೂ ಎಳೆ ಬಿಡಬೇಕು. ಹೆಸರು ಬಂದದ್ದು ಅದರಿಂದ.

ಅವಳು ತೀರಿಕೊಂಡ ವಾರದಲ್ಲಿ ಮುಂಗೋಣೆಯ ತುಂಬ ಜನ ಸೇರಿದ್ದಾಗ ಮೈದುನ ಮೇಸ್ತ್ರಿ ಎದ್ದು ನಿಂತು ಮಾತನಾಡಿದ. ಅತ್ತಿಗೆ ತಾಳ್ಮೆಯ ಹೆಣ್ಣು, ದನಿ ಎತ್ತಿ ಒಂದು ಮಾತು ಆಡಿದವರಲ್ಲ, ಕೊಟ್ಟ ಕೆಲಸವನ್ನು ಕೊಟ್ಟ ಹಾಗೆ ಮಾಡಿದವರು ಎಂದ. ಜನ ಹೌದೌದೆಂದು ತಲೆಯಾಡಿಸಿದರು. ಭಾವ, ಎಂದರೆ ಅಕ್ಕನ ಗಂಡ, ಕಣ್ಣೊರೆಸಿಕೊಂಡರು. ನಾನು ಎದ್ದು ಅಂಗಳಕ್ಕೆ ಬಂದೆ. ಅಲ್ಲಿ ನಿಂತಿದ್ದರೆ ಸಾವಿನ ಮನೆಯಲ್ಲಿ ಆಡಬಾರದ ಮಾತು ಬಾಯಿಂದ ಬರುತ್ತಿತ್ತು. ಸತ್ತವಳು ಎದುರಾಡಲಾರಳೆಂಬ ಧೈರ್ಯ ಅವನಿಗಿರಬಹುದು, ನಾನಿನ್ನೂ ಬದುಕಿದ್ದೇನೆ. ನನ್ನ ಅಕ್ಕ ಸಿಟ್ಟಿನ ಹೆಂಗಸಾಗಿದ್ದಳು. ಅವಳ ಸಿಟ್ಟಿಗೆ ಕಾರಣವಾದ ಇಬ್ಬರೂ ಆ ದಿನ ಅದೇ ಕೋಣೆಯಲ್ಲಿ ಕುಳಿತು, ಬಂದವರಿಂದ ಸಮಾಧಾನದ ಮಾತು ಕೇಳಿಸಿಕೊಳ್ಳುತ್ತಿದ್ದರು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಪಾಲಿನ ಕೆಲಸ ಗುಡಿಸುವುದು, ಒರೆಸುವುದು, ಏಣಿ ಹಿಡಿಯುವುದು. ಅಣ್ಣನಾದ ಭಾವ ಚೌಕಟ್ಟು ಕೂರಿಸುತ್ತಿದ್ದರು, ತಮ್ಮ ಗುತ್ತಿಗೆ ಹಿಡಿದು ಸಾಮಾನು ತರುತ್ತಿದ್ದ, ಸಂದಿ ತುಂಬುವ ಕೆಲಸ ಯಾರ ಕೈ ಬಿಡುವಾಗಿತ್ತೋ ಅವರದು. ಯಾರೂ ಅದನ್ನು ಚೆನ್ನಾಗಿ ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಡಸರು ಊಟಕ್ಕೆ ಕುಳಿತಾಗ ಅಕ್ಕ ಗನ್ನು ಎತ್ತಿಕೊಂಡು ಕಿಟಕಿಯೊಂದರ ಪಕ್ಕವನ್ನು ಮುಗಿಸಿದಳು. ಉಸಿರು ಬಿಗಿಹಿಡಿದು ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆ, ಅದರ ಮೇಲೆ ಒದ್ದೆ ಬೆರಳಿನಿಂದ ಒಂದೇ ಸವರು. ಊಟ ಮುಗಿಸಿ ಬಂದವರು ನೋಡಿದರು. ಹೊಗಳಲಿಲ್ಲ. ಮರುದಿನದಿಂದ ಗನ್ನು ಅವಳ ಕೈಗೆ ಬಂತು.

ಬಂದದ್ದು ಗನ್ನು ಮಾತ್ರ. ಅದರೊಳಗೆ ಯಾವ ಟ್ಯೂಬು ಕೂರಬೇಕೆಂದು ತೀರ್ಮಾನಿಸುವವನು ಮೇಸ್ತ್ರಿ. ಅವನು ತರುತ್ತಿದ್ದದ್ದು ಒಳಗೋಡೆಯ ಬಿರುಕಿಗೆ ಹಾಕುವ ಬಿಳಿಯ ಅಕ್ರಿಲಿಕ್. ಅದು ಕೈಗೆ ಮೆತ್ತಿದರೆ ನೀರಿನಲ್ಲಿ ಹೋಗುತ್ತದೆ, ಮೇಲೆ ಬಣ್ಣ ಹಿಡಿಯುತ್ತದೆ, ಮನೆ ಒಪ್ಪಿಸುವ ದಿನ ನೋಡಲು ಲಕ್ಷಣವಾಗಿರುತ್ತದೆ. ಕೋಣೆಯೊಳಗೆ ಅದು ಒಳ್ಳೆಯ ಸರಕೇ. ಹೊರಗೆ, ಬಿಸಿಲಿಗೆ ಮೈಯೊಡ್ಡಿದ ಇಟ್ಟಿಗೆಯ ಗೋಡೆಯಲ್ಲಿ, ಅದು ಒಣಗಿದಷ್ಟೂ ಕುಗ್ಗುತ್ತದೆ. ಮರ ಬೇಸಗೆಯಲ್ಲಿ ಒಂದು ಕಡೆಗೆ ಎಳೆಯುತ್ತದೆ, ಇಟ್ಟಿಗೆ ಜಗ್ಗದೆ ನಿಲ್ಲುತ್ತದೆ, ನಡುವೆ ಸಿಕ್ಕಿದ ಎಳೆ ಹರಿಯುತ್ತದೆ. ಕೆಲವು ಸಲ ಗಾಜಿನ ಕೆಲಸದಲ್ಲಿ ಮಿಕ್ಕ ಸಿಲಿಕೋನನ್ನು ತಂದುಕೊಡುತ್ತಿದ್ದ. ಅದು ಬಿಸಿಲಿಗೆ ಜಗ್ಗುವುದಿಲ್ಲ, ಒಪ್ಪಿದೆ. ಆದರೆ ಹಿಡಿತಕ್ಕೆಂದು ಮೊದಲು ಬಳಿಯುವ ಪ್ರೈಮರ್ ಇಲ್ಲದೆ ಇಟ್ಟಿಗೆಯ ಧೂಳುಮೈಗೆ ಹಾಕಿದರೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ, ತುದಿ ಹಿಡಿದು ಎಳೆದರೆ ರಿಬ್ಬನ್ನಿನಂತೆ ಪೂರ್ತಿ ಬಂದುಬಿಡುತ್ತದೆ. ಹೋದ ಮೇಲೂ ಜಿಡ್ಡನ್ನು ಉಳಿಸಿ ಆ ಜಾಗದಲ್ಲಿ ಬೇರೆ ಯಾವ ಸೀಲನ್ನೂ ಹಿಡಿಯಗೊಡುವುದಿಲ್ಲ.

ಮಳೆಗೆ ಒಳಗೋಡೆ ತೊಯ್ದಾಗ ಮನೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದನ್ನು ಹಾಕಿದವರು ಯಾರು? ಆರಿಸಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಹಾಕಿದವಳನ್ನು ಕರೆಸಿ, ಒದ್ದೆಯಾದ ಗೋಡೆಯ ಮುಂದೆ ನಿಲ್ಲಿಸಿ, ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತು, ಹೆಂಗಸರ ಕೈ ಸ್ವಲ್ಪ ಹಗುರ, ನಾನು ಸರಿ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದ. ಭಾವ ಚೌಕಟ್ಟಿನ ಮರವನ್ನು ಸವರಿ ನೋಡುತ್ತಿದ್ದರು. ಚೌಕಟ್ಟಿನಲ್ಲಿ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಅವರಿಗೆ ಆ ಮನೆಯಲ್ಲಿ ಬೇರೆ ಕೆಲಸವಿರುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅಕ್ಕ ಪಾತ್ರೆ ತೊಳೆಯುವ ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ತಾಳ್ಮೆಯಂತೆ!

ಅವಳ ಮನೆಯ ಹಿಂದೆ ಪಡುವಣ ಬಿಸಿಲು ಬೀಳುವ ಇಟ್ಟಿಗೆಯ ಮೋಟುಗೋಡೆಯೊಂದಿತ್ತು. ಅದಕ್ಕೆ ಮರದ ತುಂಡುಗಳನ್ನು ಮೊಳೆ ಹೊಡೆದು ನಿಲ್ಲಿಸಿ, ಬೇರೆ ಬೇರೆ ಟ್ಯೂಬುಗಳ ತಳದಲ್ಲಿ ಮಿಕ್ಕದ್ದನ್ನೆಲ್ಲ ಆ ಸಂದಿಗಳಿಗೆ ತುಂಬಿ ಬಿಟ್ಟಳು. ಬೇಸಗೆ ಕಳೆದು ಮಳೆಗಾಲ ಮುಗಿದ ಮೇಲೆ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಕೆದಕಿ, ಎಳೆದು ನೋಡುತ್ತಿದ್ದಳು. ಮೇಸ್ತ್ರಿಗೆ ಅದು ದೊಡ್ಡ ತಮಾಷೆ. ನಮ್ಮ ಅತ್ತಿಗೆ ಗೋಡೆಗೆ ಗಂಡು ಹುಡುಕುತ್ತಿದ್ದಾರೆ ಎಂದು ಕೆಲಸದ ಜಾಗದಲ್ಲೆಲ್ಲ ಹೇಳಿ ನಗಿಸಿದ. ಅದು ಅಕ್ಕನ ಕಿವಿಗೆ ಬಿದ್ದ ದಿನ ಅವನ ಎದುರಿಗೇ ಅಂದಳು:

“ನೀನು ತಂದ ಗಂಡುಗಳು ಮೊದಲನೇ ಮಳೆಗೇ ಬಿಟ್ಟು ಓಡಿಹೋದ್ವಲ್ಲಪ್ಪ. ಅದಕ್ಕೇ ನಾನು ಹುಡುಕ್ತಾ ಇರೋದು.”

ಊರ ಅಂಚಿನಲ್ಲಿ ನೂಲಿನ ಗಿರಣಿಯ ಕೆಲಸಗಾರರು ಸಂಘ ಮಾಡಿಕೊಂಡು ಒಂದು ಸಾಲು ಇಟ್ಟಿಗೆಯ ಮನೆಗಳನ್ನು ಕಟ್ಟಿಸಿದ್ದರು. ಚೌಕಟ್ಟು ಭಾವನದು, ಕೈ ಅಕ್ಕನದು, ಟ್ಯೂಬು ಮೇಸ್ತ್ರಿಯದು. ವರ್ಷ ತುಂಬುವ ಮೊದಲೇ ಬಿಳಿಯ ಎಳೆ ಎಲ್ಲ ಕಿಟಕಿಗಳ ಪಕ್ಕದಲ್ಲೂ ಬಿರಿದು, ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಪೂರ್ತಿ ಕೆದಕಿ ಹೊಸದಾಗಿ ಹಾಕಿಕೊಡಿ, ಇಲ್ಲವಾದರೆ ಮುಂದೆ ಕಟ್ಟಿಸುವ ಸಾಲು ನಿಮಗಿಲ್ಲ ಎಂದು ಸಂಘದವರು ಮೇಸ್ತ್ರಿಗೆ ಹೇಳಿ ಕಳಿಸಿದರು. ಕೊನೆಯ ಮನೆಯಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳಿದ್ದಳು, ಬಾಯಿ ಕತ್ತರಿಯಷ್ಟೇ ಹರಿತ. ನಿಮ್ಮ ಕೈಗೆ ಗನ್ನು ಕೊಟ್ಟವರಿಗೆ ಬುದ್ಧಿಯಿಲ್ಲ ಎಂದು ಅವಳು ಅಕ್ಕನ ಮುಖಕ್ಕೇ ಅಂದಳು.

ಆ ಸಂಜೆ ಅಕ್ಕ ಗನ್ನನ್ನು ತಂದು ಮೇಸ್ತ್ರಿಯ ಮುಂದೆ ಮೇಜಿನ ಮೇಲಿಟ್ಟಳು.

“ಟ್ಯೂಬು ನಾನು ಆರಿಸ್ತೀನಿ. ಇಲ್ಲಾಂದ್ರೆ ಇದನ್ನ ನೀನೇ ಹಿಡಿ.”

ಅವನು ನಕ್ಕು, ಇದೇನು ಬ್ರಹ್ಮವಿದ್ಯೆಯೇ ಎಂದು ಮರುದಿನ ತಾನೇ ಗನ್ನು ಹಿಡಿದು ಹೋದ. ಮಧ್ಯಾಹ್ನದ ಹೊತ್ತಿಗೆ ಮೊದಲ ಮನೆಯ ಕಿಟಕಿ, ಮಗು ತಾನೇ ಉಂಡ ಬಾಯಿಯ ಹಾಗೆ, ಸುತ್ತಲೂ ಮೆತ್ತಿಕೊಂಡು ನಿಂತಿತ್ತು. ಸಂಜೆ ಗನ್ನು ಹಿಂದಿರುಗಿ ಬಂತು. ಬಂದದ್ದು ಒಂದು ಕರಾರಿನ ಜೊತೆಗೆ.

“ಆಯ್ತು ಅತ್ತಿಗೆ, ಆರಿಸ್ಕೊಳಿ. ಆದ್ರೆ ಒಂದೇ ಒಂದು ಮನೇಲಿ ನೀರು ಬಂದ್ರೂ, ಆಮೇಲೆ ಟ್ಯೂಬಿನ ವಿಷಯಕ್ಕೆ ಬಾಯಿ ಹಾಕೋ ಹಾಗಿಲ್ಲ. ಬದುಕಿರೋವರೆಗೂ.”

ಅಕ್ಕ ಒಪ್ಪಿದಳು. ಒಪ್ಪುವ ಮುನ್ನ ಒಮ್ಮೆ ಗಂಡನ ಕಡೆ ನೋಡಿದಳು. ಭಾವ ಮೂಲೆಯಲ್ಲಿ ಕುಳಿತು ಉಳಿ ಮಸೆಯುತ್ತಿದ್ದರು, ತಲೆ ಎತ್ತಲಿಲ್ಲ. ಅವಳು ಪಣಕ್ಕಿಟ್ಟದ್ದು ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ತಾನು ಆರಿಸದ ಸರಕಿಗೆ ತಾನು ಬೈಸಿಕೊಳ್ಳುವ ಬದುಕು ಇಲ್ಲಿಗೆ ನಿಲ್ಲಬೇಕು, ಇಲ್ಲವೇ ಸಾಯುವವರೆಗೆ ಅದೇ ಆಗಬೇಕು.

ಅಂಗಡಿಗೆ ಹೋಗುವಾಗ ನನ್ನನ್ನೂ ಕರೆದಳು. ನಾನಾಗ ಸಂಜೆಯ ಶಾಲೆಗೆ ಹೋಗುತ್ತಿದ್ದೆ, ಟ್ಯೂಬಿನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಹೇಳಬಲ್ಲವಳಾಗಿದ್ದೆ. ಬಣ್ಣದ ಡಬ್ಬಿಗಳ ನಡುವೆ ಕುಳಿತಿದ್ದ ಅಂಗಡಿಯಾತ ನಮ್ಮ ತಲೆಗಳ ಮೇಲಿಂದ ಬಾಗಿಲಿನ ಕಡೆ ನೋಡುತ್ತ, ಯಜಮಾನರು ಬರಲಿಲ್ಲವೇ ಎಂದು ಕೇಳಿದ.

“ಯಜಮಾನ್ರು ಚೌಕಟ್ಟು ಕೂರಿಸ್ತಾರೆ. ಸಂದಿಗೆ ನಾನೇ ಯಜಮಾನಿ. ಇಟ್ಟಿಗೆಗೆ ಹಿಡಿಯೋದು ಏನೇನಿದೆ, ಎಲ್ಲಾ ಇಳಿಸಿ.”

ಅವನು ಬಿಳಿಯದನ್ನು ಮುಂದಿಟ್ಟ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಎಲ್ಲರ ಮನೆಯೂ ಸೋರುತ್ತದೆ ಎಂದು ಅಕ್ಕ ಅದನ್ನು ಪಕ್ಕಕ್ಕೆ ಸರಿಸಿದಳು. ನಾನು ಒಂದೊಂದರ ಬೆನ್ನನ್ನೂ ಓದುತ್ತ ಹೋದೆ, ಅವಳು ಕೇಳುತ್ತ ಹೋದಳು. ಇದು ಎಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಹಿಂದಕ್ಕೆ ಬರುತ್ತದೆಯೇ; ಒರಟು ಇಟ್ಟಿಗೆಗೆ ನೇರವಾಗಿ ಹಿಡಿಯುತ್ತದೆಯೇ ಅಥವಾ ಮೊದಲು ಪ್ರೈಮರ್ ಬೇಕೇ; ಒಣಗಿದ ಮೇಲೆ ಕುಗ್ಗುತ್ತದೆಯೇ; ಬಣ್ಣ ಹಿಡಿಯುತ್ತದೆಯೇ; ಯಾವ ತಾರೀಖಿನವರೆಗೆ ಚೆನ್ನಾಗಿರುತ್ತದೆ. ಮೋಟುಗೋಡೆಯ ಮೇಲೆ ಎಳೆದರೂ ಬಾರದೆ ಉಳಿದಿದ್ದದ್ದು ಪಾಲಿಯುರೆಥೇನ್. ಗಟ್ಟಿಯಾದ ಮೇಲೂ ರಬ್ಬರಿನಂತೆ ಬಳುಕುತ್ತದೆ, ಇಟ್ಟಿಗೆಯನ್ನೂ ಮರವನ್ನೂ ಕಚ್ಚಿ ಹಿಡಿಯುತ್ತದೆ. ಅದರ ಕಾಟವೂ ಸಣ್ಣದಲ್ಲ: ಸಂದಿ ಪೂರ್ತಿ ಒಣಗಿರಬೇಕು, ಕೈಗೆ ಅಂಟಿದರೆ ಸುಲಭಕ್ಕೆ ಹೋಗದು, ಗನ್ನನ್ನು ಅಮುಕಲು ಮುಂಗೈಯಲ್ಲಿ ಬಲ ಬೇಕು. ಅಂಗಡಿಯಾತ, ಇದು ಹೆಂಗಸರಿಗೆ ಆಗುವ ಸರಕಲ್ಲ ಎಂದ. ಅಕ್ಕ ಅವನ ಕೈಯಿಂದ ಟ್ಯೂಬು ಕಿತ್ತುಕೊಂಡು ಇಟ್ಟಿಗೆಯ ಬಣ್ಣದ್ದನ್ನೇ ಕೊಡಿ ಎಂದಳು. ಜೊತೆಗೆ ಬೆರಳುಗಾತ್ರದ ಫೋಮ್ ಹಗ್ಗವನ್ನು ಕೇಳಿದಳು. ಸಂದಿಯೊಳಗೆ ಮೊದಲು ಅದನ್ನು ತುರುಕಿ ಮೇಲೆ ಸೀಲು ಬಿಟ್ಟರೆ, ಸೀಲು ಎಡಕ್ಕೂ ಬಲಕ್ಕೂ ಮಾತ್ರ ಹಿಡಿದು, ಬೆನ್ನ ಕಡೆ ಬಿಡುವಾಗಿರುತ್ತದೆ. ಬೆನ್ನೂ ಅಂಟಿದರೆ ಮೂರು ಕಡೆಯಿಂದ ಎಳೆದಾಡಿ ನಡುವೆ ಹರಿದುಹೋಗುತ್ತದೆ ಎಂದು ದಾರಿಯಲ್ಲಿ ಹೇಳಿದಳು. ತನ್ನ ಸಂಸಾರವನ್ನು ಅದಕ್ಕೆ ಹೋಲಿಸಿ ಒಂದು ಮಾತೂ ಅಂದಳು. ಅದನ್ನು ಇಲ್ಲಿ ಬರೆಯಲಾರೆ.

ಹಳೆಯ ಬಿಳಿಯದನ್ನು ಚಾಕುವಿನಿಂದ ಕೆದಕಿ ತೆಗೆದು, ಇಟ್ಟಿಗೆಯ ಅಂಚನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಧೂಳನ್ನು ಊದಿ, ಎರಡೂ ಕಡೆ ಟೇಪು ಅಂಟಿಸಿ ಅವಳು ಮನೆಯಿಂದ ಮನೆಗೆ ಸಾಗಿದಳು. ರಾತ್ರಿ ಹನಿ ಬಿದ್ದಿದ್ದರೆ ಬೆಳಿಗ್ಗೆ ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ಕೂಗಾಡಿದರೆ ಕೂಗಾಡಲಿ ಎಂದು ಮೆಟ್ಟಿಲ ಮೇಲೆ ಕುಳಿತು ಇಟ್ಟಿಗೆ ಒಣಗುವುದನ್ನು ಕಾಯುತ್ತಿದ್ದಳು. ಟೇಪು ಕಿತ್ತಾಗ ಎಳೆ ಗಾರೆಯಲ್ಲಿ ಗೆರೆ ಕೊರೆದ ಹಾಗೆ ನೇರ. ಅದು ಚೆನ್ನಾಗಿತ್ತೆಂದು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಯ ಮನೆಯ ಕೆಲಸ ಮುಗಿಯುವಾಗ ಹೊಲಿಗೆಯಾಕೆ ಹೊರಗೆ ಬಂದು ಕಿಟಕಿಯ ನೆತ್ತಿಯ ಕಡೆ ತೋರಿಸಿದಳು. ಕಿಟಕಿಯ ಮೇಲಿನ ಇಟ್ಟಿಗೆಗಳ ಸಾಲಿನಲ್ಲಿ ಅಲ್ಲಲ್ಲಿ ಗಾರೆ ತುಂಬದೆ ಬಿಟ್ಟ ಸಣ್ಣ ಕಂಡಿಗಳಿದ್ದವು. ಅವುಗಳಿಂದ ಇರುವೆ ಇಳಿಯುತ್ತವೆ, ಕಣಜ ಗೂಡು ಕಟ್ಟುತ್ತಿದೆ, ಹೇಗೂ ಗನ್ನು ಕೈಯಲ್ಲಿದೆಯಲ್ಲ, ಮುಚ್ಚಿಬಿಡಿ ಎಂದಳು. ಅಕ್ಕ ಏಣಿ ಹತ್ತಿ ಕಿರುಬೆರಳು ತೂರಿಸಿ ನೋಡಿದಳು. ಗಾರೆಯವರು ಸೋಮಾರಿತನದಿಂದ ಬಿಟ್ಟುಹೋಗಿದ್ದಾರೆಂದು ಬೈದಳು. ಮುಚ್ಚಿದಳು. ಒಂದು ಮನೆಯದನ್ನು ಮುಚ್ಚಿ ಉಳಿದವನ್ನು ಬಿಡುವುದು ಹೇಗೆಂದು ಸಾಲಿನ ಉದ್ದಕ್ಕೂ ಹಿಂದಿರುಗಿ ಎಲ್ಲ ಕಿಟಕಿಗಳ ನೆತ್ತಿಯನ್ನೂ ಮುಚ್ಚಿದಳು. ಬಣ್ಣ ಎಷ್ಟು ಹೊಂದಿಕೊಂಡಿತೆಂದರೆ ಅಲ್ಲಿ ಕಂಡಿಯಿತ್ತೆಂದು ಹೇಳುವಂತಿರಲಿಲ್ಲ.

ಅಲ್ಲಿ ಅವಳ ತಪ್ಪಿತ್ತು, ಅದನ್ನು ನಾನು ತೇಪೆ ಹಾಕಿ ಮುಚ್ಚುವುದಿಲ್ಲ. ಹೊರಗೋಡೆ ಎರಡು ಪದರದ್ದು, ನಡುವೆ ಟೊಳ್ಳು. ಹೊರಪದರದ ಇಟ್ಟಿಗೆ ಕುಡಿದ ಮಳೆನೀರು ಆ ಟೊಳ್ಳಿನಲ್ಲಿ ಇಳಿದು, ಕಿಟಕಿಯ ನೆತ್ತಿಯ ಮೇಲೆ ಕೂರಿಸಿದ ತಗಡಿಗೆ ಬಿದ್ದು, ಆ ಕಂಡಿಗಳಿಂದ ಹೊರಗೆ ಹೋಗಬೇಕು. ಗಾರೆಯವರು ಅದಕ್ಕೆಂದೇ ಬಿಟ್ಟಿದ್ದರು. ಇದು ಸಂದಿ ತುಂಬುವವರು ಮಾತ್ರ ಮಾಡುವ ತಪ್ಪು. ಜೀವಮಾನವಿಡೀ ಬಿರುಕಿನೊಂದಿಗೆ ಕಾದಾಡಿದವರಿಗೆ ತೆರೆದ ಬಾಯೆಲ್ಲ ಶತ್ರುವಿನದಾಗಿ ಕಾಣುತ್ತದೆ. ಅವಳು ಚೌಕಟ್ಟು ಬಂದ ಮೇಲೆ ಕೆಲಸಕ್ಕೆ ಬರುವವಳು, ಗೋಡೆ ಏಳುವುದನ್ನು ನೋಡಿದವಳಲ್ಲ. ತಿಳಿಯದ್ದನ್ನು ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಮಳೆ ಹಿಡಿಯಿತು, ಓರೆಗಾಳಿಯ ಮಳೆ. ಕೆಲವೇ ದಿನಗಳಲ್ಲಿ ಸಾಲಿನ ಮನೆಗಳಲ್ಲಿ ಕಿಟಕಿಯ ಮೇಲುಗಡೆಯಿಂದ ಒಳಕ್ಕೆ ನೀರು ತೊಟ್ಟಿಕ್ಕತೊಡಗಿತು. ಮೊದಲು ಸೋರಿದ್ದು ಪಕ್ಕದಲ್ಲಿ. ಈಗ ನೆತ್ತಿಯಲ್ಲಿ, ಮೊದಲಿಗಿಂತ ಹೆಚ್ಚು. ಹೊಲಿಗೆಯಾಕೆಯ ಮೇಜಿನ ಮೇಲೆ ಕತ್ತರಿಸಿಟ್ಟಿದ್ದ ಗಿರಾಕಿಯ ಬಟ್ಟೆ ಕೆಮ್ಮಣ್ಣಿನ ಕಲೆ ಹಿಡಿದು ಹಾಳಾಯಿತು. ಕರೆ ಬಂದಾಗ ನಾನೂ ಅಕ್ಕನ ಜೊತೆ ಹೋದೆ. ಮೇಸ್ತ್ರಿ ನಮಗಿಂತ ಮೊದಲೇ ಅಲ್ಲಿದ್ದ. ಅವನ ಮುಖದಲ್ಲಿ ನಾನು ಕಂಡದ್ದು ಕೆಲಸ ಕೆಟ್ಟವನ ಚಿಂತೆಯಾಗಿರಲಿಲ್ಲ. ಮಗಳ ಮದುವೆ ಮುಗಿಸಿದವನ ನಿರಾಳವಿತ್ತು.

ಅಕ್ಕ ಮಳೆಯಲ್ಲೇ ಏಣಿ ಹಾಕಿದಳು. ಪಕ್ಕದ ಎಳೆಗಳನ್ನು ಹೆಬ್ಬೆರಳಿನಿಂದ ಒತ್ತಿದಳು, ಅಂಚಿಗೆ ಉಗುರು ಕೊಟ್ಟು ಎಳೆದಳು. ಒಂದೂ ಬಿಟ್ಟಿರಲಿಲ್ಲ. ಬಹಳ ಹೊತ್ತು ಗೋಡೆಯನ್ನೇ ನೋಡುತ್ತ ನಿಂತಳು, ನೀರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಆಮೇಲೆ ಜೇಬಿನಿಂದ ತಂತಿ ತೆಗೆದು ನೆತ್ತಿಯಲ್ಲಿ ತಾನೇ ಮುಚ್ಚಿದ್ದ ಒಂದು ಕಂಡಿಗೆ ಚುಚ್ಚಿದಳು. ತಂತಿ ಹಿಂದಕ್ಕೆ ಬರುವಾಗ ಅದರ ಹಿಂದೆಯೇ ಕೆಂಪು ನೀರು ಚಿಮ್ಮಿ ಮೊಣಕೈಯವರೆಗೆ ಹರಿಯಿತು. ಕೆಳಗೆ ನಿಂತಿದ್ದ ನನಗೂ ಅರ್ಥವಾಯಿತು.

ಇಳಿದು ಬಂದಳು. ಹೊಲಿಗೆಯಾಕೆಯ ಜಗುಲಿಯಲ್ಲಿ ಮೇಸ್ತ್ರಿ, ಭಾವ, ಹೊಲಿಗೆಯಾಕೆ ನಿಂತಿದ್ದರು. ಮೇಸ್ತ್ರಿ ಆಗಲೇ ಒಂದು ದಾರಿ ಕಂಡುಕೊಂಡಿದ್ದ. ಟ್ಯೂಬೇ ಕೆಟ್ಟ ಸರಕಾಗಿತ್ತೆಂದು ಹೇಳಿಬಿಡೋಣ, ಅಂಗಡಿಯವನ ಕುತ್ತಿಗೆಗೆ ಕಟ್ಟೋಣ, ಮನೆತನದ ಹೆಸರು ಉಳಿಯುತ್ತದೆ ಎಂದ. ಅತ್ತಿಗೆ ಆರಿಸುವಾಗ ಮೋಸಹೋದರು ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲವಂತೆ.

ಅಕ್ಕ ಹೊಲಿಗೆಯಾಕೆಯ ಕಡೆ ತಿರುಗಿದಳು.

“ಟ್ಯೂಬು ಚೆನ್ನಾಗಿದೆ. ಮೇಲಿನ ಕಂಡಿ ನೀರು ಹೊರಗೆ ಹೋಗೋಕೆ ಬಿಟ್ಟಿದ್ದು. ಅದನ್ನ ಮುಚ್ಚಿದ್ದು ನಾನು. ನಿಮ್ಮ ಬಟ್ಟೆ ಹಾಳಾಗಿದ್ದು ನನ್ನಿಂದ.”

ಆಗ ಭಾವ, ತಮ್ಮನಿಗೆ ಮಾತ್ರ ಕೇಳಲೆಂಬಂತೆ, ಅದು ನೀರಿನ ಕಂಡಿಯೆಂದು ಅವಳಿಗೆ ಗೊತ್ತಿರಬಹುದು ಅಂದುಕೊಂಡೆ ಎಂದರು. ಜಗುಲಿ ಸಣ್ಣದು. ಎಲ್ಲರಿಗೂ ಕೇಳಿಸಿತು. ಅಕ್ಕ ನಿಧಾನವಾಗಿ ಅವರ ಕಡೆ ತಿರುಗಿದಳು.

“ನಿಮಗೆ ಗೊತ್ತಿತ್ತಾ?”

“ಗಾರೆಯವರು ತಗಡು ಕೂರಿಸೋವಾಗ ನಾನು ಅಲ್ಲೇ ಇದ್ನಲ್ಲ.”

“ನಾನು ಮುಚ್ತಾ ಇದ್ದಾಗ್ಲೂ ಅಲ್ಲೇ ಇದ್ರಿ. ಬಾಗಿಲಿಗೆ ಕೀಲು ಹಾಕ್ತಾ ಇದ್ರಿ.”

ಭಾವ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು.

“ಎಲ್ಲಾ ನಾನೇ ಆರಿಸ್ತೀನಿ ಅಂದ್ಯಲ್ಲ. ನನ್ನನ್ನ ಎಲ್ಲಿ ಕೇಳ್ದೆ ನೀನು?”

ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ವರ್ಷಗಳು ಕಳೆದರೂ ಅದರ ಬಿಸಿ ಆರಿಲ್ಲ. ಮೇಸ್ತ್ರಿಯ ದುರಾಸೆ ನನಗೆ ಅರ್ಥವಾಗುತ್ತದೆ; ಅಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ, ಅವರನ್ನು ಎದುರಿಸಬಹುದು. ಆದರೆ ಒಂದೇ ತಟ್ಟೆಯಲ್ಲಿ ಉಂಡವನು ಕೀಲು ತಿರುಪುತ್ತ ಕುಳಿತು, ಹೆಂಡತಿ ಕಂಡಿಯಿಂದ ಕಂಡಿಗೆ ಹೋಗಿ ತನ್ನ ಬದುಕಿನ ಪಣವನ್ನು ತಾನೇ ಸೋಲುತ್ತಿರುವುದನ್ನು ನೋಡಿದ. ಒಂದು ಮಾತು ಸಾಕಾಗಿತ್ತು. ಕೋಪದಲ್ಲಿ ಬೈದು ಹೇಳಿದ್ದರೂ ಸಾಕಾಗಿತ್ತು. ಅವರು ಕೆಟ್ಟ ಮನುಷ್ಯರಲ್ಲ ಎಂದು ಊರು ಹೇಳುತ್ತದೆ. ಕುಡಿಯುವುದಿಲ್ಲ, ಹೊಡೆಯಲಿಲ್ಲ, ದುಡಿದು ತಂದು ಹಾಕಿದರು. ಅವಳ ಯಜಮಾನಿಕೆ ಎಲ್ಲಿಗೆ ಮುಟ್ಟುತ್ತದೋ ನೋಡೋಣ ಎಂದು ಕಾದರು, ಅಷ್ಟೆ. ಈ ‘ಅಷ್ಟೆ’ಯನ್ನು ನಾನು ಕ್ಷಮಿಸಿಲ್ಲ.

ಅಕ್ಕ ಮಳೆ ನಿಲ್ಲುವವರೆಗೂ ಕಾಯಲಿಲ್ಲ. ತಂತಿ, ಚಾಕು ತೆಗೆದುಕೊಂಡು ಸಾಲಿನ ಮೊದಲ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಇಂಥ ತಪ್ಪು ಮಾಡಿದ್ದೇನೆ, ತೆರೆಯಲು ಬಂದಿದ್ದೇನೆ ಎಂದು ಹೇಳಿ ಏಣಿ ಹಾಕಿದಳು. ಪ್ರತಿ ಮನೆಯಲ್ಲೂ ಅದೇ ಮಾತು, ಒಂದು ಅಕ್ಷರ ಹೆಚ್ಚು ಕಡಿಮೆಯಿಲ್ಲದೆ. ಕೆಲವರು ಬೈದರು, ಒಬ್ಬಾತ ಬಾಗಿಲನ್ನು ಮುಖದ ಮೇಲೇ ಮುಚ್ಚಿಕೊಂಡ. ಅವನ ಕಿಟಕಿಯನ್ನೂ ತೆರೆದಳು. ಭಾವ ಹಿಂದೆಯೇ ಬಂದು ಏಣಿಗೆ ಕೈ ಹಾಕಿದರು.

“ಬಿಡಿ,” ಎಂದಳು. “ಏಣಿ ಕಟ್ಟಿಕೊಂಡಿದೀನಿ.”

ನಿಜವಾಗಿಯೂ ಏಣಿಯ ತುದಿಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದ್ದಳು. ನನಗೂ ಹಿಡಿಯಲು ಕೊಡಲಿಲ್ಲ.

ಆ ವಾರವೇ ಸಂಘದ ಸಭೆ ನಡೆಯಿತು. ಕಂಡಿ ತೆರೆದ ಮೇಲೆ ಸೋರುವುದು ನಿಂತಿದ್ದರಿಂದ ಮುಂದಿನ ಸಾಲು ಮೇಸ್ತ್ರಿಗೇ ಉಳಿಯಿತು. ಕರಾರು ಕರಾರೇ, ಮುಂದಿನ ಸಾಲಿಗೆ ಟ್ಯೂಬು ನಾನೇ ಆರಿಸುತ್ತೇನೆ ಎಂದು ಮೇಸ್ತ್ರಿ ಎಲ್ಲರ ಎದುರು ಹೇಳಿದ. ಕಂಡಿ ಮುಚ್ಚಿದ ಕೈ ತಪ್ಪು, ಟ್ಯೂಬು ಆರಿಸಿದ ಕಣ್ಣು ತಪ್ಪಲ್ಲ, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ ಎಂದು ಅಕ್ಕ ವಾದಿಸಿದಳು. ಸಭೆಯಲ್ಲಿದ್ದ ಗಂಡಸರಿಗೆ ಆ ವ್ಯತ್ಯಾಸ ಕೂದಲು ಸೀಳಿದಂತೆ ಕಂಡಿತು. ಎದ್ದು ನಿಂತವಳು ಹೊಲಿಗೆಯಾಕೆ ಒಬ್ಬಳೇ.

“ನನ್ನ ಬಟ್ಟೆ ಹಾಳಾದ ಸಿಟ್ಟು ಹೋಗಿಲ್ಲ, ಹೋಗೋದೂ ಇಲ್ಲ. ಆದ್ರೆ ಪಕ್ಕದ ಎಳೇನ ಕತ್ತರಿ ತುದಿಯಿಂದ ಚುಚ್ಚಿ ನೋಡಿದೀನಿ, ಒಂದೂ ಬಿಟ್ಟಿಲ್ಲ. ಆ ಬಿಳೀ ಟ್ಯೂಬು ಮತ್ತೆ ನಮ್ಮ ಬೀದಿಗೆ ತರಬೇಡಿ.”

ಅವಳ ಮಾತು ಗಾಳಿಗೆ ಹೋಯಿತು. ಮುಂದಿನ ಸಾಲಿನ ಕೆಲಸ ಶುರುವಾದ ದಿನ ಗಾಡಿಯಲ್ಲಿ ಬಂದ ರಟ್ಟಿನ ಪೆಟ್ಟಿಗೆಗಳೊಳಗೆ ಅದೇ ಬಿಳಿಯ ಟ್ಯೂಬುಗಳಿದ್ದವು. ಅಕ್ಕ ಒಂದನ್ನು ತೆಗೆದು ನೋಡಿ ಪೆಟ್ಟಿಗೆಗೆ ಹಿಂದಕ್ಕೆ ಹಾಕಿ, ತನ್ನ ಗನ್ನನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಬಾಯಿ ಹಾಕುವುದಿಲ್ಲವೆಂದು ಒಪ್ಪಿದ್ದಳು. ಕೈ ಹಾಕುತ್ತೇನೆಂದು ಒಪ್ಪಿರಲಿಲ್ಲ. ಅವನ ಕೆಲಸಕ್ಕೆ ಮತ್ತೆಂದೂ ಹೋಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ಒಂಟಿಯಾಗಿ ದುಡಿದಳು. ಅವಳಿಗೆ ಸಿಕ್ಕ ಕೆಲಸದಲ್ಲಿ ಬಹುಪಾಲು ಮೈದುನ ಹಾಕಿಸಿದ ಬಿಳಿಯದನ್ನು ಕೆದಕಿ ತೆಗೆಯುವುದೇ. ಆ ಎರಡನೆಯ ಸಾಲಿನವರೂ ಒಬ್ಬೊಬ್ಬರಾಗಿ, ಸಭೆಯಲ್ಲಿ ಆಡಿದ ಮಾತನ್ನು ಮರೆತವರಂತೆ, ಬಂದು ಕರೆದರು. ಹೋದಳು. ಯಾರ ಮನೆಗೆ ಹೋದರೂ ಗನ್ನಿಗೆ ಕೈ ಹಾಕುವ ಮೊದಲು ಗೋಡೆಯನ್ನು ಸುತ್ತಿ, ಕಂಡಿಗಳನ್ನು ಹುಡುಕಿ, ಪ್ರತಿಯೊಂದರ ಮೇಲೂ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಯಾರಾದರೂ ತಾವೇ ತಂದ ಟ್ಯೂಬನ್ನು ಕೊಟ್ಟರೆ ಅದು ಒಳ್ಳೆಯದಾಗಿದ್ದರೂ ವಾಪಸು ಕೊಡುತ್ತಿದ್ದಳು. ಅದು ಹಟ, ನಾನೇ ಎಷ್ಟೋ ಸಲ ಹಾಗೆಂದಿದ್ದೇನೆ. ಅವಳು ಕೇಳಲಿಲ್ಲ.

ಗಂಡನೊಂದಿಗೆ ಸಂಸಾರ ನಡೆಯಿತು. ಅಡುಗೆ ಮಾಡಿದಳು, ಜ್ವರ ಬಂದಾಗ ನೋಡಿಕೊಂಡಳು, ಮಗಳ ಮದುವೆಯಲ್ಲಿ ಪಕ್ಕದಲ್ಲಿ ನಿಂತಳು. ಕೆಲಸದ ವಿಷಯವಾಗಿ ಮಾತ್ರ ಆ ಜಗುಲಿಯ ನಂತರ ಅವರೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ಭಾವ ಊಟದ ಹೊತ್ತಿನಲ್ಲಿ ಇಂಥ ಮನೆಯ ಕಿಟಕಿ ಹೀಗಿದೆ ಎಂದು ಶುರುಮಾಡಿದರೆ ಎದ್ದು ನೀರು ತರಲು ಹೋಗುತ್ತಿದ್ದಳು. ಅದನ್ನು ನೋಡಿದವರು ತಾಳ್ಮೆಯ ಹೆಂಗಸು, ಎದುರಾಡುವುದಿಲ್ಲ ಎಂದುಕೊಂಡಿರಬೇಕು.

ಎದೆನೋವು ಬಂದದ್ದು ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಡುವಾಗ. ಆಸ್ಪತ್ರೆ ಮುಟ್ಟಲಿಲ್ಲ.

ಅವಳು ಬಿಟ್ಟುಹೋದದ್ದು ಇಷ್ಟು.

ಗನ್ನು ಎರಡು. ಒಂದರ ಹಿಡಿಗೆ ಹಳೆಯ ಸೀರೆಯ ಅಂಚು ಸುತ್ತಿದೆ.

ಟೇಪಿನ ಸುರುಳಿಗಳು, ತಂತಿಯ ಬ್ರಷ್ಷು, ಬೆರಳ ತುದಿ ಸವೆದ ಕೈಗವಸುಗಳ ಒಂದು ರಾಶಿ. ಸವೆದದ್ದನ್ನು ಏಕೆ ಎಸೆಯಲಿಲ್ಲವೋ ಗೊತ್ತಿಲ್ಲ.

ಕನ್ನಡಕ. ಕಡೆಯ ವರ್ಷಗಳಲ್ಲಿ ಟ್ಯೂಬಿನ ಬೆನ್ನನ್ನು ತಾನೇ ಓದುತ್ತಿದ್ದಳು, ಅಕ್ಷರ ಕೂಡಿಸಿ ಕೂಡಿಸಿ.

ಮಗಳು. ಆಸ್ಪತ್ರೆಯಲ್ಲಿ ನರ್ಸು, ಮಾತು ಕಡಿಮೆ, ಆಡಿದರೆ ತಾಯಿಯದೇ ದನಿ.

ಗಂಡ. ಈಗ ಊಟಕ್ಕೆ ತಮ್ಮನ ಮನೆಗೆ ಹೋಗುತ್ತಾರೆ.

ಅವಳ ಕೈಕೆಳಗೆ ಕಲಿತ ಇಬ್ಬರು ಹೆಂಗಸರು, ಅಕ್ಕತಂಗಿಯರು. ಎಳೆ ನೇರ ಬರುತ್ತದೆ. ಜಗಳ ಆಡಲು ಇನ್ನೂ ಅಂಜುತ್ತಾರೆ.

ಬೇಕರಿಯವರ ಹೊಸ ಮನೆಯಲ್ಲಿ ಅರ್ಧ ಮುಗಿದ ಕೆಲಸ. ಮೂಡಣ ಕಿಟಕಿಗಳು ಆಗಿವೆ, ಪಡುವಣದವು ಬಾಕಿ. ಅದಕ್ಕೆ ಬೇಕಾದ ಟ್ಯೂಬುಗಳನ್ನು ಆರಿಸಿ ತಂದು ಅವರ ಮೆಟ್ಟಿಲ ಕೆಳಗೆ ನೆರಳಿನಲ್ಲಿ ಜೋಡಿಸಿಟ್ಟಿದ್ದಾಳೆ, ಒಂದರ ಮೂತಿಯನ್ನೂ ಕತ್ತರಿಸಿಲ್ಲ. ಮೇಸ್ತ್ರಿ ಮೊನ್ನೆ ಅಲ್ಲಿಗೆ ಹೋಗಿ, ಅತ್ತಿಗೆಯ ಬಾಕಿ ಕೆಲಸವನ್ನು ತಾನು ತನ್ನ ಸಾಮಾನಿನಲ್ಲೇ ಮುಗಿಸಿಕೊಡುವುದಾಗಿ ಹೇಳಿ ಬಂದಿದ್ದಾನಂತೆ. ನಾಳೆ ಬೆಳಿಗ್ಗೆ ಇಟ್ಟಿಗೆ ಒಣಗಿದ್ದರೆ ಆ ಅಕ್ಕತಂಗಿಯರು ಅಲ್ಲಿ ಏಣಿ ಹಾಕುತ್ತಾರೆ. ಬಾಗಿಲಲ್ಲಿ ನಾನು ನಿಂತಿರುತ್ತೇನೆ.